ಅಳಿಯನಿಗೆ ಎಷ್ಟು ಲೀಟರ್?

ಕೆಟ್ಟುಹೋದ ವಸ್ತುವಿನ ಜಾಗಕ್ಕೆ ಹೊಸದನ್ನು ಕೊಂಡು ತರುವುದು ಬೇರೆ ಊರುಗಳಲ್ಲಿ ಸಾಧಾರಣ ವ್ಯವಹಾರವಿರಬಹುದು. ಕೊಯಮತ್ತೂರಿನ ಕಡೆ ಅದು ಸೋಲೊಪ್ಪಿಕೊಂಡಂತೆ. ಪಂಪು, ಮೋಟಾರುಗಳು ಹುಟ್ಟುವ ಸೀಮೆ ನಮ್ಮದು. ಇಲ್ಲಿ ಪ್ರತಿ ಗೃಹಸ್ಥನಿಗೂ ವರ್ಕ್‌ಶಾಪ್ ಇಟ್ಟಿರುವ ಒಬ್ಬ ಭಾವಮೈದುನ ಇದ್ದೇ ಇರುತ್ತಾನೆ. ಅಂಥವನಿಲ್ಲದ ಮನೆಯಿಂದ ಹೆಣ್ಣು ತರುವುದು ಅವಿವೇಕವೆಂದು ಹಿರಿಯರು ತೀರ್ಮಾನಿಸಿದಂತಿದೆ. ನನ್ನ ಪಾಲಿಗೆ ಬಂದವನು ಮುರುಗೇಶ. ಪೆರಿಯನಾಯಕನಪಾಳ್ಯದ ನಮ್ಮ ಮನೆಯ ಬಚ್ಚಲಿನಲ್ಲಿ ತೂಗಾಡುತ್ತಿದ್ದ ನೀರಿನ ಹೀಟರಿಗೆ ಅವನು ಕಾಯಿಲ್ ಬದಲಿಸಿದ್ದ, ತಳ ಬದಲಿಸಿದ್ದ, ಹೊಟ್ಟೆಗೆ ತೇಪೆ ಹಾಕಿದ್ದ. ಕಡೆಕಡೆಗೆ ಆ ಹೀಟರಿನಲ್ಲಿ ಕಂಪನಿಯಿಂದ ಬಂದದ್ದು ಅಂತ ಉಳಿದದ್ದು ಒಂದು ಕೆಂಪು ದೀಪ, ಅದು ಉರಿಯುತ್ತಿರಲಿಲ್ಲ.

ಇಂಥ ಹೀಟರು ದೀಪಾವಳಿ ಹತ್ತಿರ ಬಂದಾಗ ಪ್ರಾಣ ಬಿಟ್ಟಿತು. ಮುರುಗೇಶ ಬಂದು, ಇಳಿಸಿ, ಅಂಗಳದಲ್ಲಿ ಮಲಗಿಸಿ, ಸುತ್ತಿಗೆಯಿಂದ ಎರಡೇಟು ಹಾಕಿದ. ಬೋರ್‌ವೆಲ್ಲಿನ ಉಪ್ಪುನೀರು ಕುಡಿದು ಕುಡಿದು ಅದರೊಳಗೆ ಕಟ್ಟಿದ್ದ ಬಿಳಿ ಗಸಿ ಮಡಿಕೆಗಟ್ಟಲೆ ಉದುರಿತು.

"ಭಾವಾ, ಇದು ಹೀಟರಲ್ಲ, ಸುಣ್ಣದ ಗೂಡು" ಎಂದ.

"ಸೆರಿ ಮಾಡಕ್ಕಾಗುತ್ತಾ?"

"ಆಗದೆ ಏನು? ಪೊಂಗಲ್ ಹಬ್ಬಕ್ಕೆ ರೆಡಿ ಮಾಡಿ ಕೊಡ್ತೀನಿ."

ನನ್ನ ಹೆಂಡತಿ ಒಳಗಿನಿಂದಲೇ ಗುಡುಗಿದಳು: "ಲೋ, ಮಾಪ್ಪಿಳ್ಳೆ ದೀಪಾವಳಿಗೆ ಬರ್ತಾರೆ. ಪೊಂಗಲ್‌ವರೆಗೂ ಮೈಗೆ ಎಣ್ಣೆ ಹಚ್ಕೊಂಡು ಕೂತಿರ್ತಾರಾ?"

ಮಾಪ್ಪಿಳ್ಳೆ ಎಂದರೆ ಅಳಿಯ. ನಾವು ತಲೆಮಾರುಗಳಿಂದ ಇಲ್ಲೇ ನೇಯ್ದುಕೊಂಡು ಬಂದ ಕನ್ನಡದವರು. ಬೀದಿಗೆ ತಮಿಳು, ಮನೆಗೆ ಕನ್ನಡ, ಸಿಟ್ಟಿಗೆ ಎರಡೂ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ, ಅಂದರೆ ತಲೆದೀಪಾವಳಿಗೆ, ಅಳಿಯ ಮಾವನ ಮನೆಗೆ ಬಂದು ಬೆಳಕು ಹರಿಯುವ ಮೊದಲು ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹುಯ್ದುಕೊಳ್ಳಬೇಕು. ಆವತ್ತು ನೀರು ತಣ್ಣಗಿತ್ತೆಂದರೆ ಆ ಮಾತು ಮೊಮ್ಮಕ್ಕಳ ಮದುವೆಯಲ್ಲೂ ಬಿಸಿಯಾಗಿ ಬರುತ್ತದೆ. ಸಾಲದ್ದಕ್ಕೆ ನನ್ನ ಅಳಿಯನಿಗೆ ಒಂದು ವಿಶೇಷವಿತ್ತು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಒಳ್ಳೆಯ ಕೆಲಸ, ಒಳ್ಳೆಯ ಗುಣ, ಕಾಫಿ ಬಿಟ್ಟರೆ ಚಟವಿಲ್ಲ. ಆದರೆ ಬಚ್ಚಲಿಗೆ ಹೋದರೆ ಬರುವುದಿಲ್ಲ. ಮದುವೆಯ ಮರುವಾರ ಬಂದವನು ಹಾಲಿನವನು ಬಂದಾಗ ಒಳಗೆ ಹೋದ. ಹೊರಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಇಡ್ಲಿಯನ್ನು ಉಪ್ಪಿಟ್ಟು ಮಾಡಿದ್ದಳು.

ಅಂತೂ ಸೋಲೊಪ್ಪಿಕೊಂಡು, ಗಾಂಧಿಪುರದ ಒಂದು ದೊಡ್ಡ ಅಂಗಡಿಗೆ ಗಂಡಹೆಂಡಿರು ಬಸ್ಸು ಹತ್ತಿದೆವು.

ಅಂಗಡಿಯಲ್ಲಿ ನಮ್ಮವರ ಯುದ್ಧತಂತ್ರವೊಂದಿದೆ. ಮಾರುವವನ ಜೊತೆ ತಮಿಳು, ಅವನನ್ನು ಕುರಿತು ಕನ್ನಡ. ಅವನ ಎದುರಿಗೇ ನಿಂತು, ಮುಖದಲ್ಲಿ ಭಕ್ತಿಯಿಟ್ಟುಕೊಂಡು, "ಇವನು ಹೇಳೋದು ಬರೀ ಸುಳ್ಳು" ಎಂದು ಸುಳ್ಳನ್ನು ಸುಳ್ಳೆಂದು ಹೇಳುವ ಸುಖ ಏಕಭಾಷಿಕರಿಗೆ ತಿಳಿಯದು. ರಾಜರುಗಳು ಗೂಢಲಿಪಿಗಾಗಿ ಎಷ್ಟು ಕಷ್ಟಪಟ್ಟರೋ; ನಮಗದು ತಾಯಿಯ ಹಾಲಿನ ಜೊತೆಯಲ್ಲೇ ಬಂತು.

ದಪ್ಪ ಮೀಸೆಯ ಸೇಲ್ಸ್‌ಮನ್ ಒಬ್ಬ ಹೀಟರುಗಳ ಸಾಲಿನ ಮುಂದೆ ನಮ್ಮನ್ನು ನಿಲ್ಲಿಸಿ, "ವೀಟ್ಲೆ ಎತ್ತನೆ ಪೇರು ಸಾರ್?" ಎಂದು ಮನೆಯ ಜನಸಂಖ್ಯೆ ವಿಚಾರಿಸಿದ. ನಾನು ಹೆಂಡತಿಯ ಕಡೆ ತಿರುಗಿ ಗೂಢಭಾಷೆಗೆ ಇಳಿದೆ.

"ಹದಿನೈದು ಲೀಟರಿಂದು ಸಾಕು."

"ಇಪ್ಪತ್ತೈದು ತಗೊಳ್ಳೋಣ. ಮಾಪ್ಪಿಳ್ಳೆ ವಿಷಯ ಗೊತ್ತಲ್ಲ?"

"ಗೊತ್ತಿರೋದಕ್ಕೇ ಹೇಳ್ತಿರೋದು. ಮಗಳನ್ನ ಕೊಟ್ಟಿದ್ದು ಮನುಷ್ಯನಿಗೋ ಎಮ್ಮೆಗೋ? ಇಪ್ಪತ್ತೈದು ಇಟ್ರೆ ಕಾರ್ತೀಕ ದೀಪದವರೆಗೂ ಒಳಗೇ ಇರ್ತಾರೆ. ಹದಿನೈದಾದ್ರೆ ಚಳಿ ಹಿಡಿದು ತಾನಾಗೇ ಎದ್ದು ಬರ್ತಾರೆ."

"ಅಯ್ಯೋ, ಪೇಸಾಮೆ ಇರಿ. ಯಾರಾದ್ರೂ ಕೇಳಿಸ್ಕೊಂಡ್ರೆ?"

"ಯಾರು, ಈ ಮೀಸೆಯವನಾ? ಅವನಿಗೇನು ತಿಳಿಯುತ್ತೆ! ನೀನು ಹೇಳು, ಆ ಅಮ್ಮ ಒಲೆ ಹಚ್ಚಿ ಹಚ್ಚಿ ಸಾಕಾಗೇ ತಾನೇ ಮಗನ್ನ ನಮ್ಮ ತಲೆಗೆ ಕಟ್ಟಿದ್ದು?"

"ಆಮಾ ಸಂಬಂದಿ, ನಿಜ" ಎಂದಿತು ಪಕ್ಕದ ಗ್ರೈಂಡರುಗಳ ಸಾಲು.

ಗ್ರೈಂಡರುಗಳ ಹಿಂದಿನಿಂದ ನನ್ನ ಬೀಗಿತ್ತಿ, ಅಂದರೆ ಸಾಕ್ಷಾತ್ ಅಳಿಯನ ತಾಯಿ, ಎದ್ದು ನಿಂತರು. ಗ್ರೈಂಡರ್ ಕೊಳ್ಳಲು ತಿರುಪ್ಪೂರಿನಿಂದ ಬಂದು, ಬಗ್ಗಿ ಕಲ್ಲು ಮುಟ್ಟಿ ನೋಡುತ್ತಿದ್ದರಂತೆ. ನಮ್ಮ ಗೂಢಭಾಷೆಯ ದೋಷ ಆ ಕ್ಷಣ ನನಗೆ ಹೊಳೆಯಿತು. ಜಿಲ್ಲೆಯಲ್ಲಿ ಅದು ಯಾರಿಗೂ ಅರ್ಥವಾಗುವುದಿಲ್ಲ, ನಮ್ಮವರನ್ನು ಬಿಟ್ಟು. ಮತ್ತು ನಮ್ಮ ಗುಟ್ಟುಗಳೆಲ್ಲ ನಮ್ಮವರನ್ನು ಕುರಿತೇ ಇರುತ್ತವೆ.

"ನಾನೂ ಹಚ್ಚಿದೀನಿ, ಅವರಪ್ಪಾನೂ ಹಚ್ಚಿದಾರೆ. ಇನ್ಮೇಲೆ ನಿಮ್ಮ ಸರದಿ" ಎಂದು ಬೀಗಿತ್ತಿ ನಕ್ಕರು. ಸಿಟ್ಟಾಗಿದ್ದರೆ ಕ್ಷಮೆ ಕೇಳಿ ಕೈ ತೊಳೆದುಕೊಳ್ಳಬಹುದಿತ್ತು. ನಗುವವರಿಂದ ಬಿಡುಗಡೆಯಿಲ್ಲ. ಹೆಂಡತಿ ಫ್ರಿಜ್ಜೊಂದರ ಬಾಗಿಲು ತೆರೆದು ಒಳಗೆ ಮುಖವಿಟ್ಟುಕೊಂಡಳು. ನಾನು ಸೇಲ್ಸ್‌ಮನ್ನಿಗೆ ತಮಿಳಿನಲ್ಲಿ, ಇಡೀ ಮಹಡಿಗೆ ಕೇಳುವಂತೆ, ಇರುವುದರಲ್ಲೆಲ್ಲ ದೊಡ್ಡದು ಯಾವುದೆಂದು ಕೇಳಿದೆ.

"ಐವತ್ತು ಲೀಟರ್ ಸಾರ್. ಆದರೆ ಅದು ಲಾಡ್ಜ್‌ಗಳಿಗೆ."

"ಅದನ್ನೇ ಕೊಡಿ" ಎಂದೆ, ಲಾಡ್ಜ್ ಮಾಲೀಕನ ಗಾಂಭೀರ್ಯದಿಂದ.

ಐವತ್ತು ಲೀಟರಿನ ಆ ಪೀಪಾಯಿಯನ್ನು ಮುರುಗೇಶ ಪಂಪಿಗೆಂದು ಮಾಡಿದ್ದ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ, "ಮನೆ ಬಿದ್ರೂ ಇದು ಬೀಳಲ್ಲ ಭಾವಾ" ಎಂದು ಧೈರ್ಯ ಹೇಳಿದ. ಆದರೆ ಬೀಳುವುದೆಲ್ಲ ಆಗಲೇ ಬಿದ್ದಾಗಿತ್ತು. ಸಂಜೆ ಮಗಳು ಫೋನು ಮಾಡಿದಳು.

"ಅಪ್ಪಾ, ಅತ್ತೆ ಎಲ್ಲಾ ಹೇಳಿಬಿಟ್ಟಿದಾರೆ. ಎಮ್ಮೆ ಅಂದಿದ್ದೂ ಹೇಳಿದಾರೆ."

"ಮಾಪ್ಪಿಳ್ಳೆ ಏನಂದ್ರು?"

"ಏನೂ ಅನ್ನಲಿಲ್ಲ. ಅದೇ ಭಯ. ಹಬ್ಬಕ್ಕೆ ಅವರು ಬರಲಿಲ್ಲಾಂದ್ರೆ ನಾನೂ ಬರಲ್ಲ, ಹೇಳಿಬಿಟ್ಟೆ!"

ಹಬ್ಬದ ಹಿಂದಿನ ದಿನದವರೆಗೆ ನಾನು ಉಂಡದ್ದು ರುಚಿಸಲಿಲ್ಲ. ಕಡೆಗೆ ಅವರು ಬಂದರು. ಅಳಿಯ ಎಂದಿನಂತೆ ನಮಸ್ಕರಿಸಿ, ಎಂದಿನಂತೆ ಕಾಫಿ ಕುಡಿದ. ಬೆಳಗಿನ ಜಾವ ಹೆಂಡತಿ ತಲೆಗೆ ಎಣ್ಣೆಯಿಟ್ಟಳು, ಸೀಗೆಪುಡಿ ಕೊಟ್ಟಳು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹತ್ತೇ ಹತ್ತು ಚೊಂಬು ನೀರಿನ ಸದ್ದು ಕೇಳಿತು. ಆಮೇಲೆ ನಿಂತಿತು.

ಮಗಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಒಂದು ಇಡೀ ಬೀಗತನ ತಣ್ಣಗಾಗುತ್ತಿತ್ತು. ನಾನು ಟವಲ್ ಹಿಡಿದು ಬಾಗಿಲ ಬಳಿ ಹೋದೆ.

"ಮಾಪ್ಪಿಳ್ಳೆ, ಇನ್ನೂ ಹುಯ್ಕೊಳ್ಳಿ!"

"ಸಾಕು ಮಾವ. ಹದಿನೈದು ಲೀಟರ್ ಆಯ್ತು."

ಬೀಗಿತ್ತಿಯ ವರದಿಯಲ್ಲಿ ಅಂಕಿಅಂಶಗಳೂ ಸೇರಿದ್ದವೆಂದು ತಿಳಿಯಿತು.

"ಅಯ್ಯಯ್ಯೋ, ಹಾಗನ್ನಬೇಡಿ. ಐವತ್ತು ಕಾದಿದೆ. ನನ್ನ ಮುಖ ನೋಡಿಯಾದ್ರೂ ಇನ್ನೊಂದು ಹತ್ತು ಲೀಟರ್..."

"ಬಾಗಿಲು ಹಾಕಿದೆ ಮಾವ, ಮುಖ ಕಾಣಲ್ಲ."

ಒಳಗೆ ಕಿಸಕ್ಕನೆ ನಕ್ಕ ಸದ್ದಾಯಿತು. ಮಗಳೂ ನಕ್ಕಳು. ಬಾಗಿಲಿಗೆ ಹಣೆಯಿಟ್ಟು ನಾನು, ಮಿಲ್ಲಿನಲ್ಲಿ ಒಂದು ಇಡೀ ಪಾಳಿಯನ್ನು ಗದರಿಸಿ ದುಡಿಸಿದವನು, ಒಬ್ಬ ಬೆತ್ತಲೆ ಮನುಷ್ಯನನ್ನು ಅಂಗಲಾಚುತ್ತಿದ್ದೆ. ಕೊನೆಗೆ ಅವನಿಗೆ ಕರುಣೆ ಬಂದಿತು. ನೀರು ಮತ್ತೆ ಸುರಿಯತೊಡಗಿತು, ಸುರಿಯುತ್ತಲೇ ಇತ್ತು. ಬೀದಿಯಲ್ಲಿ ಪಟಾಕಿ ಶುರುವಾಗಿ ಮುಗಿಯಿತು, ಬೆಳಕಾಯಿತು, ಇಡ್ಲಿ ಆರಿತು. ನನ್ನ ಸರದಿ ಬಂದು ನಲ್ಲಿ ತಿರುಗಿಸಿದಾಗ ಐವತ್ತರಲ್ಲಿ ಒಂದು ಚೊಂಬೂ ಬೆಚ್ಚಗಿರಲಿಲ್ಲ.

"ಗಂಗಾಸ್ನಾನ ಆಯ್ತಾ?" ಎಂದು ಹೊರಗಿನಿಂದ ಹೆಂಡತಿ, ದೀಪಾವಳಿ ಬೆಳಿಗ್ಗೆ ಈ ಕಡೆ ಎಲ್ಲರೂ ಕೇಳುವಂತೆ, ಹಬ್ಬದ ಕುಶಲ ಕೇಳಿದಳು. ನಡುಗುತ್ತಾ ಆಯಿತೆಂದೆ. ಗಂಗಾಸ್ನಾನದಿಂದ ಪಾಪ ಹೋಗುತ್ತದೆಂದು ಹಿರಿಯರು ಹೇಳಿದ್ದಾರೆ. ನೀರು ಬಿಸಿಯಾಗಿರಬೇಕೆಂದು ಎಲ್ಲೂ ಹೇಳಿಲ್ಲ.