ತಮ್ಮನ ಮೈಯಲ್ಲಿ ಅಕ್ಕನ ಕಿಡ್ನಿಯನ್ನು ಕಾಯಂಗೊಳಿಸುವ ಬಗ್ಗೆ

ಇಂದ,
ಡಾ. ಸಂಘಮಿತ್ರಾ ಕೋಂ ಸುಧೀಂದ್ರ,
ಹಿರಿಯ ವಿಜ್ಞಾನಿ, ರೋಗನಿರೋಧಕ ಶಾಸ್ತ್ರ ಮತ್ತು ಜೀವಕೋಶ ಅಧ್ಯಯನ,
ವಾಸ: ಶ್ರೀರಂಗಪಟ್ಟಣ.

ಗೆ,
ಮಾನ್ಯ ಟಿ-ಕೋಶಗಳು (ಬಿಳಿ ರಕ್ತಕಣ ವರ್ಗ),
ಕಾವಲು ವಿಭಾಗ, ದೇವರಾಜು ಬಿನ್ ಮುದ್ದಯ್ಯ ಇವರ ದೇಹ,
ಬೂಕನಕೆರೆ, ಕೆ.ಆರ್. ಪೇಟೆ ತಾಲ್ಲೂಕು.

ವಿಷಯ: ತಮ್ಮ ವ್ಯಾಪ್ತಿಯಲ್ಲಿ ನೆಲೆಸಿರುವ ಅರ್ಜಿದಾರಳ ಎಡ ಕಿಡ್ನಿಯ ಮೇಲೆ ಕ್ರಮ ಕೈಗೊಳ್ಳದಿರುವ ಬಗ್ಗೆ.

ಉಲ್ಲೇಖ: ಸದರಿ ದೇವರಾಜು ಕಳೆದ ಭಾನುವಾರ ಜಗಲಿಯ ಮೇಲೆ ಕೂತು ನೆರೆಮನೆಯ ತಮ್ಮಯ್ಯನಿಗೆ ನೀಡಿದ ಮೌಖಿಕ ಹೇಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ:

೧. ಅರ್ಜಿದಾರಳು ಇಪ್ಪತ್ತು ವರ್ಷಗಳಿಂದ ತಮ್ಮ ಇಲಾಖೆಯನ್ನೇ ನಂಬಿಕೊಂಡು ಬದುಕುತ್ತಿದ್ದಾಳೆ. ಮೈಯೊಳಗೆ ಯಾರು ಮನೆಯವರು, ಯಾರು ಹೊರಗಿನವರು ಎಂದು ಕಾವಲಿನವರಾದ ತಾವು ಹೇಗೆ ಗುರುತು ಹಿಡಿಯುತ್ತೀರಿ ಎಂಬುದೇ ಆಕೆಯ ಸಂಶೋಧನೆ. ಈ ಸಲುವಾಗಿ ತಮ್ಮ ಬಂಧುಬಳಗವನ್ನು ಲೆಕ್ಕವಿಲ್ಲದಷ್ಟು ಇಲಿಗಳಿಂದ ಹೊರತೆಗೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದಕ್ಕೆ ವಿಷಾದಿಸುತ್ತಾಳೆ. ಆಕೆಯ ತಾಯಿ ಬೆಟ್ಟಮ್ಮನವರು ಕೇಳಿದವರಿಗೆಲ್ಲ, ಮಗಳಿಗೆ ಇಲಿ ಸಾಕುವ ಸರ್ಕಾರಿ ನೌಕರಿ ಎಂದೇ ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ.

೨. ಮನೆಯಲ್ಲಿ ಒಂದು ಮಾತೂ ಕೇಳದೆ ಅರ್ಜಿದಾರಳು ಶ್ರೀರಂಗಪಟ್ಟಣದ ಅರ್ಚಕರ ಮನೆಯ ಸುಧೀಂದ್ರ ಅವರನ್ನು ಮದುವೆಯಾದ ಕಾರಣ, ಆಕೆಯ ಒಡಹುಟ್ಟಿದ ತಮ್ಮ ದೇವರಾಜು ಮಾತು ಬಿಟ್ಟನು. ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು, ಕಬ್ಬಿನ ಟ್ರಾಕ್ಟರನ್ನು ಪಾಂಡವಪುರದ ಕಡೆ ಓಡಿಸುತ್ತಿದ್ದನು. ಹೀಗಿರುವಾಗ ಅವನ ಎರಡೂ ಕಿಡ್ನಿಗಳು ಕೈಕೊಟ್ಟವು. ಆದ್ದರಿಂದ ಅರ್ಜಿದಾರಳು ಯಾರೂ ಕರೆಯದೆಯೇ ಆಸ್ಪತ್ರೆಗೆ ಹೋಗಿ ತನ್ನದೊಂದನ್ನು ಕೊಟ್ಟಳು. ಆಗಲೂ ಆ ಪುಣ್ಯಾತ್ಮ ತನ್ನ ಒಪ್ಪಿಗೆಯನ್ನು ನರ್ಸಮ್ಮನ ಮೂಲಕವೇ ಹೇಳಿ ಕಳಿಸಿದನು. ಇದಾಗಿ ವರ್ಷವಾಗಿದ್ದು, ಕಿಡ್ನಿ ನಿಯತ್ತಾಗಿ ಕೆಲಸ ಮಾಡಿಕೊಂಡಿತ್ತು.

೩. ಕಳೆದ ಭಾನುವಾರ ಅರ್ಜಿದಾರಳು ತಾಯಿಯನ್ನು ನೋಡಲು ಬೂಕನಕೆರೆಗೆ ಹೋಗಿ ನಡುಮನೆಯಲ್ಲಿ ಕಾಫಿ ಕುಡಿಯುತ್ತಿರಲಾಗಿ, ಹೊರಗೆ ತಮ್ಮಯ್ಯನು, ಕಿಡ್ನಿ ಹಾಕಿದಾಗಿನಿಂದ ದೇವರಾಜು ದಿನಾ ನುಂಗಬೇಕಾದ ಮಾತ್ರೆಯ ವಿಚಾರ ಎತ್ತಿದನು. ದೇವರಾಜು ಕೊಟ್ಟ ಉತ್ತರವನ್ನು ಯಥಾವತ್ತಾಗಿ ಸಲ್ಲಿಸಲಾಗಿದೆ:

"ಅದೇನು ಯಾರ್ದೋ ಕಿಡ್ನಿ ಅಲ್ಲ ಕಣ್ಲಾ. ನಮ್ಮಕ್ಕಂದು. ಒಂದೇ ವಟ್ಟೇಲಿ ಉಟ್ಟಿರೋರ್ಗೆ ಯಾತುಕ್ಲಾ ಮಾತ್ರೆ? ಬುಟ್ಬುಟ್ಟೆ."

೪. ಸದರಿ ಮಾತ್ರೆಗಳು ತಮ್ಮನ್ನು ಸುಮ್ಮನಿರಿಸುವಂಥವಾಗಿದ್ದು, ನಿಲ್ಲಿಸಿದರೆ ತಾವು ಎಚ್ಚೆತ್ತು ಕಿಡ್ನಿಯ ಮೇಲೆ ಬೀಳುತ್ತೀರಿ ಎಂಬುದನ್ನು ಅರ್ಜಿದಾರಳಿಗಿಂತ ಚೆನ್ನಾಗಿ ಬಲ್ಲವರು ಆ ಹೋಬಳಿಯಲ್ಲೇ ಇಲ್ಲ. ಆದಾಗ್ಯೂ ಆಕೆ ತಕ್ಷಣ ಏಳಲಿಲ್ಲ. ಅವನ ಬಾಯಲ್ಲಿ ಅಕ್ಕ ಎಂಬ ಮಾತು ಕೇಳಿ ವರ್ಷಗಳೇ ಆಗಿದ್ದ ಕಾರಣ, ಹೊಟ್ಟೆ ತಣ್ಣಗಾಗಿ, ಕಣ್ಣು ತುಂಬಿ, ಕಾಫಿ ಲೋಟ ಹಿಡಿದುಕೊಂಡು ಹಾಗೇ ಕೂತಿದ್ದಳು.

೫. ತರುವಾಯ ಜಗಲಿಗೆ ಬಂದು, "ದೇವೂ, ನಿನ್ನ ಮೈಗೆ ನಾನು ಬೇರೆಯೋಳೇ ಕಣಪ್ಪ. ಮಾತ್ರೆ ನುಂಗು" ಎಂದಳು. ಹಾಗನ್ನುವಾಗ ಆಕೆಗೆ ಅಳು ತಡೆಯಲಾಗಲಿಲ್ಲ. ಅವನ ಮುಖ ಸಪ್ಪಗಾಯಿತು. ಇಲಿಗಳನ್ನು ನೋಡಿಕೊಂಡು ಬಂದು ಮನುಷ್ಯರ ನ್ಯಾಯ ಹೇಳಬೇಡ ಎಂದು ರೇಗಿದನು. ತಮ್ಮಯ್ಯ ಮೆಲ್ಲಗೆ ಜಾಗ ಖಾಲಿ ಮಾಡಿದನು. ಬೆಟ್ಟಮ್ಮನವರು ಯಾರ ಪಕ್ಷವನ್ನೂ ವಹಿಸದೆ ಮಾತ್ರೆ, ನೀರು ತಂದು ಮುಂದಿಟ್ಟರು. ಕಡೆಗೆ ನುಂಗಿದ ದೇವರಾಜು ಹೇಳಿದ್ದು ಇಷ್ಟು:

"ನೀ ಅಳ್ತಿಯಲ್ಲ ಅಂತ ನುಂಗ್ದೆ ಕಣಕ್ಕ. ನೀ ಬೇರೆ ಅಂತ ಅಲ್ಲ."

೬. ಆದರೆ ತಪ್ಪಿಸಿದ ಮಾತ್ರೆಗಳು ತಪ್ಪಿದಂತೆಯೇ. ರಕ್ತದ ವರದಿ ಕೆಟ್ಟಿದೆ. ನಾಳೆ ಬೆಳಿಗ್ಗೆ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಗಿದೆ. ಅರ್ಜಿದಾರಳಿಗೆ ಹೆದರಿಕೆಯಾಗಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಈಗಾಗಲೇ ಸ್ಥಳಕ್ಕೆ ಹೊರಟಿರುವ ಸಿಬ್ಬಂದಿಯನ್ನು ವಾಪಸ್ ಕರೆಸಿಕೊಂಡು, ಸದರಿ ಕಿಡ್ನಿಯನ್ನು ಅದೇ ಮನೆಯದೆಂದು ಪರಿಗಣಿಸಬೇಕಾಗಿ ಕೋರಲಾಗಿದೆ.

ತಮ್ಮನ್ನೇ ನೋಡುತ್ತ ಕೂದಲು ನರೆಸಿಕೊಂಡ,
ಸಂಘಮಿತ್ರಾ

ಲಗತ್ತುಗಳು:
ಅ) ಎಡ ಕಿಡ್ನಿ, ಅಸಲು (ಈಗಾಗಲೇ ಸಲ್ಲಿಸಲಾಗಿದೆ, ವಾಪಸ್ ಬೇಕಾಗಿಲ್ಲ).
ಆ) ಅರ್ಜಿದಾರಳ ಸಂಶೋಧನಾ ಪ್ರಬಂಧಗಳು, ಎಲ್ಲವೂ.

ವಿ.ಸೂ.: ಲಗತ್ತು 'ಆ' ಪ್ರಕಾರ ಇಂಥ ಕೋರಿಕೆಯನ್ನು ತಾವು ಪುರಸ್ಕರಿಸುವ ಸಂಭವವೇ ಇಲ್ಲ. ಒಂದು ವೇಳೆ ಪುರಸ್ಕರಿಸಿ, ದೇವರಾಜು ಹೇಳಿದ್ದೇ ಸರಿ ಎಂದು ಆದೇಶಿಸಿದಲ್ಲಿ, ಸದರಿ ಪ್ರಬಂಧಗಳೆಲ್ಲ ತಪ್ಪೆಂದು ಬರೆದುಕೊಡಲು ಅರ್ಜಿದಾರಳು ಸಂತೋಷದಿಂದ ಸಿದ್ಧಳಿದ್ದಾಳೆ.