ರಾಜಾಪಾರ್ಟಿನ ಕೆಮ್ಮು

ತಮಗೆ ಹೊಟ್ಟೆಕಿಚ್ಚೇ ಇಲ್ಲವೆಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಂಥವರಿಗೆ ಮಲಗಿದ ಕೂಡಲೇ ನಿದ್ದೆ ಬರುತ್ತದೆ, ತಿಂದದ್ದು ಜೀರ್ಣವಾಗುತ್ತದೆ, ಎದುರು ಮನೆಯವನಿಗೆ ಬಡ್ತಿ ಬಂದರೆ ಹೋಗಿ ಕೈಕುಲುಕಿ ಕಾಫಿ ಕುಡಿದು ಬರುತ್ತಾರೆ. ನಾನು ಹಾಗಲ್ಲ. ನಾಟಕದ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಬಣ್ಣ ಹಚ್ಚಿದವನು ಹಾಗಿರಲು ಸಾಧ್ಯವೂ ಇಲ್ಲ. ಪಕ್ಕದವನ ಕಿರೀಟದಲ್ಲಿ ನಮ್ಮದಕ್ಕಿಂತ ಎರಡು ಗಾಜಿನ ಮಣಿ ಹೆಚ್ಚಿದ್ದರೆ, ಆ ಮಣಿಗಳನ್ನು ನೋಡುತ್ತಲೇ ನಮ್ಮ ಸೀನು ಮುಗಿದುಹೋಗುತ್ತದೆ. ಆದರೆ ನನಗೆ ಬಂದಂಥ ಹೊಟ್ಟೆಕಿಚ್ಚು ಮಾತ್ರ ಯಾರಿಗೂ ಬರಬಾರದು. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿಯಾಗಿ ಹೇಳಲಿಲ್ಲ. ಜನ ನಂಬಲಾರರೆಂಬ ಭಯಕ್ಕಲ್ಲ. ನಂಬಿ ನಗುತ್ತಾರೆಂಬ ಭಯಕ್ಕೆ.

ನಾನು ಹೊಳೆನರಸೀಪುರದವನು. ಚಿಕ್ಕಂದಿನಲ್ಲಿ ಹೊಳೆಯ ಆಚೆ ದಡದಲ್ಲಿದ್ದ ಹರಿಗೋಲಿನವನನ್ನು ಈಚೆಯಿಂದ ಕೂಗಿ ಕೂಗಿ ನನ್ನ ಗಂಟಲು ತೆರೆದುಕೊಂಡಿತೆಂದು ನಮ್ಮಮ್ಮ ಹೇಳುತ್ತಿದ್ದಳು. ಅಪ್ಪ ನನ್ನನ್ನು ಸ್ಕೂಲು ಮೇಷ್ಟ್ರು ಮಾಡಬೇಕೆಂದಿದ್ದರು. ನಾನು ಕಂಪನಿ ಸೇರಿ ರಾಜನಾದೆ. ರಾಜಾಪಾರ್ಟು ಎಂದರೆ ಕಂಪನಿಯಲ್ಲಿ ನಾಯಕನ ಪಾತ್ರ. ನಾವು ಹಾಸನದಲ್ಲಿ ಕ್ಯಾಂಪು ಮಾಡಿ, ತಗಡಿನ ಥಿಯೇಟರು ಎಬ್ಬಿಸಿ, ಒಂದೇ ನಾಟಕವನ್ನು ಐದು ತಿಂಗಳು ಆಡಿದೆವು. ಅದರಲ್ಲಿ ನಾನು ವೀರಕೇತು ಮಹಾರಾಜ. ಮೂರನೆಯ ಅಂಕದಲ್ಲಿ ನನ್ನ ರಾಣಿ ಕಾಡಿನಲ್ಲಿ ಕಳೆದುಹೋಗುತ್ತಾಳೆ. ನಾನು ರಟ್ಟಿನ ಮರಗಳ ನಡುವೆ ಅಲೆಯುತ್ತಾ ಹಾಡಬೇಕು. ಹಾಡಿನ ಕೊನೆಯ ಪದ ‘ರಾಣಿ’. ನಾನು ‘ರಾ’ ಎಂದು ಎತ್ತಿಕೊಂಡರೆ ‘ಣಿ’ಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನವರು ಒಂದು ಬೀಡಿ ಹಚ್ಚಿ ಸೇದಿ ಬಿಸಾಕುತ್ತಿದ್ದರು. ಆಮೇಲೆ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಜನ ಹಾಗೆ ಕೂಗಿದರೆ ಹಾಡನ್ನು ಮತ್ತೆ ಮೊದಲಿಂದ ಹಾಡಬೇಕು, ಅದು ಕಂಪನಿಯ ಕಾನೂನು. ನನ್ನ ಜೀವನದಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದು ಆ ‘ರಾಣಿ’ಯೊಂದೇ ಇತ್ತು. ಇದನ್ನು ನನ್ನ ಹೆಂಡತಿಯ ಎದುರು ಹೇಳಿ ಎರಡು ದಿನ ಅನುಭವಿಸಿದ್ದೇನೆ, ಆದರೂ ಅದು ನಿಜ.

ಐದನೆಯ ತಿಂಗಳಿಗೆ ಬೆಂಚುಗಳು ಖಾಲಿಯಾಗತೊಡಗಿದವು. ಹಾಸನದ ಜನಕ್ಕೆ ನಾಟಕ ಬಾಯಿಪಾಠವಾಗಿತ್ತು. ನಾನು ಸ್ಟೇಜಿನ ಮೇಲೆ ಒಂದು ಮಾತು ಮರೆತರೆ ಮುಂದಿನ ಸಾಲಿನ ಹೆಂಗಸರು ಎತ್ತಿಕೊಡುತ್ತಿದ್ದರು. ಒಂದು ಮಧ್ಯಾಹ್ನ ಕಂಪನಿಯ ಯಜಮಾನರು ನನ್ನನ್ನು ಕರೆಸಿ, ಎಲೆ ಅಡಿಕೆ ಮುಂದಿಟ್ಟರು. ಯಜಮಾನರು ಎಲೆ ಅಡಿಕೆ ಕೊಟ್ಟರೆ ಏನೋ ಕಾದಿದೆ ಎಂದೇ ಅರ್ಥ.

“ನಂಜುಂಡಯ್ಯನೋರೆ, ಬೇಜಾರು ಮಾಡ್ಕೋಬಾರ್ದು. ಒಂಬತ್ತು ದಿವಸದ ಮಾತು. ಸಿನಿಮಾದವರೊಬ್ಬರು ಬತ್ತಾವ್ರೆ. ರಾಜಾಪಾರ್ಟು ಅವರು ಮಾಡ್ತಾರೆ.”

“ನಾನು?”

“ನೀವು ಇರ್ತೀರಲ್ಲ,” ಎಂದರು. ಎಲ್ಲಿರುತ್ತೇನೆಂದು ಹೇಳಲಿಲ್ಲ.

ಮರುದಿನ ಜಟಕಾ ಗಾಡಿಗೆ ತಮಟೆಯವರನ್ನು ಹತ್ತಿಸಿ ಊರೆಲ್ಲ ಹ್ಯಾಂಡ್‌ಬಿಲ್ ಹಂಚಿದರು. ಹಳದಿ ಕಾಗದ. ಅರ್ಧ ಕಾಗದದ ತುಂಬ ಆ ಚಿತ್ರನಟನ ಹೆಸರು. ಅದರ ಕೆಳಗೆ ‘ಸ್ವತಃ ಆಗಮಿಸಿ ಖುದ್ದಾಗಿ ಅಭಿನಯಿಸುವರು’ ಎಂದಿತ್ತು. ಸ್ವತಃ ಬಂದು ಬೇರೆಯವರಿಂದ ಅಭಿನಯ ಮಾಡಿಸುವುದುಂಟೇ ಎಂದು ನಾನು ಆಗ ನಕ್ಕೆ. ಆ ನಗು ಎಷ್ಟು ಅವಸರದ್ದೆಂದು ಆಮೇಲೆ ತಿಳಿಯಿತು. ನನ್ನ ಹೆಸರಿಗಾಗಿ ಕಾಗದದ ಎರಡೂ ಬದಿ ಹುಡುಕಿದೆ. ಕೊನೆಯ ಸಾಲಿನಲ್ಲಿ ‘ಮತ್ತು ಇತರರು’ ಎಂದಿತ್ತು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಓದಿ, “ಇತರರು ಅಂದ್ರೆ ನೀವೊಬ್ಬರೇನಾ, ಇಲ್ಲ ಇನ್ನೂ ಯಾರಾದ್ರೂ ಇದಾರಾ?” ಎಂದು ಕೇಳಿದಳು. ಕುಚೋದ್ಯಕ್ಕೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

ಆತ ಕಾರಿನಲ್ಲಿ ಬಂದಿಳಿದ. ಕೆಟ್ಟವನಾಗಿದ್ದರೆ ಎಷ್ಟೋ ಸುಖವಿತ್ತು. ನಾನು ಆರಾಮವಾಗಿ ದ್ವೇಷಿಸಬಹುದಿತ್ತು. ಆ ಪುಣ್ಯಾತ್ಮ ಬಂದವನೇ ನನ್ನ ಕಾಲಿಗೆ ನಮಸ್ಕರಿಸಿ “ಅಣ್ಣಾ” ಎಂದ. ರಿಹರ್ಸಲ್‌ಗೆ ನಿಂತ. ಮಾತು ಚೆನ್ನಾಗಿಯೇ ಹೇಳಿದ. ಹಾಡು ಬಂದಾಗ ಬಾಯಿ ಮಾತ್ರ ಆಡಿಸುತ್ತಾ ಕಾಡಿನಲ್ಲಿ ಒಂದು ಸುತ್ತು ಬಂದು, ಸ್ವರವೇ ಕೇಳದ್ದರಿಂದ ಗಾಬರಿಯಾಗಿ ನಿಂತು, “ಹಾಡೋರು ಇನ್ನೂ ಬಂದಿಲ್ವಾ?” ಎಂದು ಕೇಳಿದ. ಸಿನಿಮಾದಲ್ಲಿ ಹಾಡುವವರೇ ಬೇರೆ, ಬಾಯಿ ಆಡಿಸುವವರೇ ಬೇರೆಯಂತೆ. ನಾಟಕದಲ್ಲಿಯೂ ಹಾಗೇ ಇರುತ್ತದೆಂದು ಅವನು ತಿಳಿದಿದ್ದ. ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಎಲ್ಲಿರುತ್ತೇನೆಂಬುದು ಆಗ ಗೊತ್ತಾಯಿತು.

ಇದ್ದ ಎರಡು ಮೈಕುಗಳಲ್ಲಿ ಒಂದನ್ನು ಪರದೆಯ ಮರೆಗೆ ಕಟ್ಟಿದರು. ಹಾರ್ಮೋನಿಯಂ ನುಡಿಸುವ ಕೃಷ್ಣಪ್ಪ ಮೇಷ್ಟ್ರನ್ನೂ ಅಲ್ಲಿಗೇ ಎಳೆದು ತಂದು ನನ್ನ ಪಕ್ಕ ಕೂರಿಸಿದರು. ಹೊರಗೆ ಬೂವನಹಳ್ಳಿಯ ಗಾಡಿಗಳು, ಅರಕಲಗೂಡಿನಿಂದ ಬಂದ ಬಸ್ಸು; ಒಳಗೆ ಕಾಲಿಡಲು ಜಾಗವಿಲ್ಲ. ಐದು ತಿಂಗಳಿಂದ ನನ್ನ ಕಂಠ ಕೇಳಿದ ಊರು ಇದು, ಮೊದಲ ಸಾಲಿಗೇ ಕಂಡುಹಿಡಿದು ‘ಅದು ನಂಜುಂಡಯ್ಯ’ ಎಂದು ಎದ್ದು ನಿಲ್ಲುತ್ತದೆ ಎಂದು ನನ್ನ ಧೈರ್ಯ. ಹಾಡಿದೆ. ಎಂದಿಗಿಂತ ಚೆನ್ನಾಗಿ ಹಾಡಿದೆ. ಚಪ್ಪಾಳೆಯ ನಡುವೆ, ಒಳಗೆ ಜಾಗ ಸಿಗದೆ ತಗಡಿನ ಆಚೆ ನಿಂತಿದ್ದ ಒಬ್ಬ ತನ್ನ ಜೊತೆಯವನಿಗೆ ಹೇಳುವುದು ಕೇಳಿಸಿತು.

“ಅಚ್ಚು ನಮ್ ನಂಜುಂಡಯ್ಯನಂಗೇ ಆಡ್ತಾನೆ ಕಣ್ಲಾ.”

“ಅವ್ನಂಗಲ್ಲ ಕಣ್ಲಾ, ಅವ್ನಿಗಿಂತ ವಸಿ ಮೇಲು.”

ಮನೆಗೆ ಬಂದು ಊಟ ಬೇಡವೆಂದೆ. ನನಗಿಂತ ಮೇಲು ಎಂದು ನನ್ನನ್ನೇ ಹೇಳಿದರೆ ಮನುಷ್ಯ ಯಾರ ಹತ್ತಿರ ಹೋಗಿ ಅಳಬೇಕು? ವಿಷಯ ಕೇಳಿದ ಹೆಂಡತಿ ತಟ್ಟೆ ಎತ್ತಿಡುತ್ತಾ, “ನಾಳೆ ಹಾಡಿನ ಮಧ್ಯ ಒಂದ್ಸಲ ಕೆಮ್ಮಿಬಿಡಿ. ಕೆಮ್ಮು ಇಲ್ಲಿ, ಬಾಯಿ ಅಲ್ಲಿ. ಊರಿಗೇ ಗೊತ್ತಾಗುತ್ತೆ,” ಎಂದಳು. ಕಂಪನಿ ಸೇರಿದಂದಿನಿಂದ ಕೆಮ್ಮು ಬಾರದಿರಲೆಂದು ಮೊಸರು ಬಿಟ್ಟವನು ನಾನು. ಮರುದಿನ ಎರಡು ಸಲ ಮೊಸರನ್ನ ತಿಂದೆ.

ಎರಡನೆಯ ದಿನ ಹಾಡು ಕೊನೆಗೆ ಬಂತು. ‘ರಾ’ ಎಂದೆ; ನಡುವೆ ದೊಡ್ಡದಾಗಿ ಕೆಮ್ಮಿದೆ. ಮೇಷ್ಟ್ರ ಕೈ ಹಾರ್ಮೋನಿಯಂ ಮೇಲೆ ನಿಂತಿತು. ನಾನು ಪರದೆಯ ಸಂದಿಯಿಂದ ಇಣುಕಿದೆ. ಆ ನಟ ಒಂದು ಗಳಿಗೆ ಬೆಚ್ಚಿದ. ತಕ್ಷಣ ಎದೆ ಹಿಡಿದುಕೊಂಡು ಬಾಗಿ, ರಟ್ಟಿನ ಮರಕ್ಕೆ ಒರಗಿ, ಹೆಗಲು ಅಲುಗಿಸಿದ. ರಾಣಿಯ ವಿರಹದಲ್ಲಿ ರಾಜನಿಗೆ ಕ್ಷಯವೇ ಬಂದಿದೆಯೆಂಬಂತೆ ಕಂಡಿತು. ನನಗೂ ಬೇರೆ ದಾರಿಯಿರಲಿಲ್ಲ, ‘ಣಿ’ ಎಂದು ಮುಗಿಸಿದೆ. ಆಮೇಲೆ ಹೆಂಗಸರ ಕಡೆಯಿಂದ ಅಳು ಕೇಳಿಸಿತು. ಆಮೇಲೆ ತಗಡು ಅದುರುವಂತೆ ‘ಒನ್ಸ್ ಮೋರ್’.

ಇಲ್ಲಿಯೂ ಒಂದು ಎಡವಟ್ಟಾಯಿತು. ಸಿನಿಮಾದಲ್ಲಿ ಡೈರೆಕ್ಟರಿಗೆ ಶಾಟು ಹಿಡಿಸದಿದ್ದರೆ ‘ಒನ್ ಮೋರ್’ ಎನ್ನುತ್ತಾರಂತೆ. ಅಷ್ಟು ಜನ ಡೈರೆಕ್ಟರುಗಳು ಒಟ್ಟಿಗೆ ಕೂಗಿದ್ದು ಕೇಳಿ ಅವನು ಬಿಳಿಚಿಕೊಂಡ. ಸಭೆಗೆ ಕೈಮುಗಿದು ಕ್ಷಮೆ ಕೇಳಿ, ಓಡಿ ಪರದೆಯ ಮರೆಗೆ ಬಂದು, “ಎಲ್ಲಿ ತಪ್ಪಾಯ್ತಣ್ಣ?” ಎಂದ.

ದೇವರು ನನಗೆ ಕೊಟ್ಟ ಗಳಿಗೆ ಅದು. ‘ಎಲ್ಲಾ ತಪ್ಪಪ್ಪಾ, ಜನ ಬೈತಿದಾರೆ, ಕಾರು ಹತ್ತಿ ಮದ್ರಾಸಿಗೆ ಹೊರಡು’ ಎಂದಿದ್ದರೆ ಹೊರಡುತ್ತಿದ್ದ. ನನ್ನ ಬಾಯಿಂದ ಬಂದದ್ದು, “ತಪ್ಪಾಗಿಲ್ಲ. ಕೆಮ್ಮು ಅವರಿಗೆ ಹಿಡಿಸಿದೆ. ಮತ್ತೆ ಬೇಕಂತೆ.” ಅಷ್ಟು ಹೊತ್ತಿಗೆ ನನಗೂ ನನ್ನ ಕೆಮ್ಮು ಹಿಡಿಸಿತ್ತು. ಆ ದಿನ ನಾಲ್ಕು ಸಲ ಕೆಮ್ಮಿದೆ. ಮೂರನೆಯ ದಿನದಿಂದ ಅದನ್ನು ಸ್ವಲ್ಪ ತಿದ್ದಿದೆ. ಕೆಮ್ಮಿನ ಕೊನೆಗೆ ಒಂದು ಸಣ್ಣ ನಿಟ್ಟುಸಿರು ಸೇರಿಸಿದೆ. ನನ್ನ ಗೋರಿಯನ್ನು ನಾನೇ ತೋಡುತ್ತಿದ್ದೆ, ಅದಕ್ಕೆ ಅಂಚು ಕಟ್ಟುವುದನ್ನೂ ಬಿಡಲಿಲ್ಲ. ಒಂಬತ್ತು ದಿನ ಮುಗಿದಾಗ ಆತ ನನ್ನನ್ನು ಅಪ್ಪಿಕೊಂಡು, “ನಿಮ್ಮನ್ನ ಮರೆಯೋಲ್ಲ ಅಣ್ಣ,” ಎಂದು ಕಾರು ಹತ್ತಿದ. ಕಾರು ತಿರುಗುವವರೆಗೂ ಜನ ಅವನಿಗೆ ಕೈಬೀಸಿದರು. ನಾನೂ ಬೀಸಿದೆ.

ಕಂಪನಿ ಚನ್ನರಾಯಪಟ್ಟಣಕ್ಕೆ ಹೋಯಿತು. ನನ್ನ ಹೆಸರು ಹ್ಯಾಂಡ್‌ಬಿಲ್ಲಿಗೆ ವಾಪಸು ಬಂತು, ವೀರಕೇತುವಿನ ಕಿರೀಟ ನನ್ನ ತಲೆಗೆ ಬಂತು. ಮೊದಲ ದಿನ ಕಾಡಿನಲ್ಲಿ ನಿಂತು, ಶುದ್ಧವಾಗಿ, ಕೆಮ್ಮಿಲ್ಲದೆ, ‘ರಾಣಿ’ ಎಂದು ಹೊಳೆಯ ಆಚೆ ದಡಕ್ಕೆ ಮುಟ್ಟುವಂತೆ ಹಾಡಿದೆ. ಒಬ್ಬರೂ ‘ಒನ್ಸ್ ಮೋರ್’ ಎನ್ನಲಿಲ್ಲ. ಹಾಸನದ ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು. ಹಿಂದಿನ ಬೆಂಚಿನಿಂದ ಯಾರೋ, “ಕೆಮ್ಮು ಎಲ್ಲೋಯ್ತು ಸಾ?” ಎಂದು ಕೇಳಿದರು.

ನಾಟಕ ಮುಗಿದ ಮೇಲೆ ದಂಡಿಗನಹಳ್ಳಿಯ ಗೌಡರೊಬ್ಬರು ಬಣ್ಣದ ಕೋಣೆಗೆ ಬಂದರು. ವಯಸ್ಸಾದವರು, ಹಾಸನಕ್ಕೆ ಹೋಗಿ ಆ ನಾಟಕ ನೋಡಿ ಬಂದವರು. ನನ್ನನ್ನು ಸಮಾಧಾನ ಮಾಡಲೆಂದೇ ಬಂದಿದ್ದರು.

“ಬೇಜಾರ್ ಮಾಡ್ಕಬೇಡಿ ಸಾ. ನೀವೂ ಚೆಂದಾಗೇ ಆಡ್ತೀರಿ. ಆದ್ರೆ ಆ ಸಿನಿಮಾದವ್ರ ಕಂಠ ಐತಲ್ಲ, ಅದೇ ಬ್ಯಾರೆ. ಆ ಕೆಮ್ಮಿನಾಗೆ ಎಂಥಾ ದುಕ್ಕ ಇತ್ತು ಅಂತೀರಿ.”

“ಗೌಡರೇ, ಅದು ನನ್ನ ಕೆಮ್ಮು. ಒಳಗೆ ಕೂತು ಹಾಡ್ತಿದ್ದೋನು ನಾನು.”

ಅವರು ಸುಳ್ಳುಗಾರನನ್ನು ನೋಡುವಂತೆ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಯಿಲೆಯವನನ್ನು ನೋಡುವಂತೆ ನೋಡಿದರು. “ಅಂಗೇ ಅನ್ಕೊಳಿ ಸಾ,” ಎಂದು ಬೆನ್ನು ಸವರಿ ಹೋದರು.

ಮರುದಿನ ಹಟದಿಂದ ಸ್ಟೇಜಿನ ಮೇಲೆ ಕೆಮ್ಮಿದೆ. ಜನ ನಕ್ಕರು. “ಸಿನಿಮಾದವ್ರನ್ನ ಕಾಪಿ ಹೊಡೀತಾವ್ನೆ ಕಣ್ಲಾ,” ಎಂಬ ಮಾತು ಮೈಕು ಇಲ್ಲದೆಯೇ ನನಗೆ ಸ್ಪಷ್ಟವಾಗಿ ಕೇಳಿಸಿತು. ಯಜಮಾನರು ಕರೆಸಿದರು. ಈ ಸಲ ಎಲೆ ಅಡಿಕೆಯನ್ನೂ ಕೊಡಲಿಲ್ಲ. “ಕೆಮ್ಮೋದಾದ್ರೆ ಸರಿಯಾಗಿ ಕಲ್ತು ಕೆಮ್ಮಿ. ಇಲ್ದಿದ್ರೆ ರಾಜಾಪಾರ್ಟು ಬೇರೆಯೋರಿಗೆ ಕೊಡ್ಬೇಕಾಗುತ್ತೆ,” ಎಂದರು. ಪರದೆಯ ಮರೆಗೆ ಮೈಕು ಕಟ್ಟಿಸಿದವರು ನೀವೇ ಎಂದು ನೆನಪಿಸುವ ಧೈರ್ಯವೂ ನನ್ನಲ್ಲಿ ಉಳಿದಿರಲಿಲ್ಲ. ಸಿನಿಮಾಕ್ಕೆ ಹೋಗಿಬಿಡೋಣವೆಂದರೆ ನನ್ನ ಮುಖ ಎಂಥದೆಂದು ನನಗೇ ಗೊತ್ತು.

ಆದ್ದರಿಂದ ಬೆಳಿಗ್ಗೆ ಕೃಷ್ಣಪ್ಪ ಮೇಷ್ಟ್ರ ಮುಂದೆ ಹೋಗಿ ಕೂತೆ. ಹಾಸನದಲ್ಲಿ ಒಂಬತ್ತು ದಿನವೂ ನನ್ನ ಪಕ್ಕದಲ್ಲೇ ಕೂತು ಆ ಕೆಮ್ಮಿಗೆ ಶ್ರುತಿ ಹಿಡಿದವರು ಅವರೇ. ಮೇಷ್ಟ್ರು ಹಾರ್ಮೋನಿಯಂನಲ್ಲಿ ನನ್ನ ಶ್ರುತಿಯಾದ ಬಿಳಿ ನಾಲ್ಕರ ಮನೆ ಒತ್ತಿದರು. ‘ರಾ’ ಎಂದೆ, ಕೆಮ್ಮಿದೆ, ನಿಟ್ಟುಸಿರು ಬಿಟ್ಟೆ, ‘ಣಿ’ ಎಂದೆ. ಹೀಗೆ ಬಿಸಿಲು ಏರುವವರೆಗೆ ನಡೆಯಿತು. ಕೊನೆಗೆ ಅವರು ಹಾರ್ಮೋನಿಯಂ ಮುಚ್ಚಿ, ಅದರ ಮೇಲಿನ ಧೂಳು ಒರೆಸಿ, “ಎಲ್ಲಾ ಸರಿ ನಂಜುಂಡಯ್ಯ, ಆದ್ರೆ ಅವರ ಥರ ಬರ್ತಿಲ್ವಲ್ಲ,” ಎಂದರು. ಜಗಳವಾಡಲು ಬಾಯಿ ತೆರೆದೆ. ಏನೆಂದು ಆಡಲಿ, ನನಗೂ ಹಾಗೆಯೇ ಅನ್ನಿಸುತ್ತಿತ್ತು.