ಹದಿನೆಂಟು ಲಕ್ಷದ ವರ

ದುರ್ಗಾ: ಮಗನ ಬಯೋಡಾಟಾದಾಗ ಮನೆತನ ಹಾಕ್ರಿ, ನಕ್ಷತ್ರ ಹಾಕ್ರಿ, ಬೇಕಾದ್ರ ಚಡ್ಡಿ ಹಾಕ್ಕೊಂಡಾಗಿನ ಫೋಟೋನೂ ಹಾಕ್ರಿ. ಪ್ಯಾನ್ ಕಾರ್ಡು, ಆಧಾರ್ ಕಾರ್ಡು ಹಾಕ್ರಿ ಅಂತ ನಿಮಗ ಯಾವ ಶಾಸ್ತ್ರಿ ಹೇಳಿದ್ದ?

ಪರಮೇಶಪ್ಪ: ಕಾಲ ನೋಡಿ ನಡೀಬೇಕು. ಈಗಿನ ಹೆಣ್ಣಿನವರು ಜಾತಕ ಕೇಳೂದಿಲ್ಲ, ಐಟಿಆರ್ ಕೇಳ್ತಾರ. ಗುಣ ಕೂಡದಿದ್ರೂ ನಡೀತೈತಿ, ಆದಾಯ ಕೂಡಬೇಕು.

ದುರ್ಗಾ: ಅದಕ್ಕ ಹಾವೇರಿ, ರಾಣೇಬೆನ್ನೂರು, ಗುತ್ತಲ, ಎಲ್ಲಾ ವಧು-ವರ ಗ್ರೂಪಿನಾಗೂ ಹರವಿ ಬಂದ್ರಿ?

ಪರಮೇಶಪ್ಪ: ಬ್ಯಾಡಗಿ ಪೇಟ್ಯಾಗ ಮಾಲು ಬಿಚ್ಚಿ ತೋರಿಸಲಾರದ ಯಾರರ ರೇಟ್ ಹಚ್ಚತಾರೇನು?

ದುರ್ಗಾ: ಮಾಲು ತೋರಿಸ್ರಿ ಅಂದ್ರ ಗೋದಾಮಿನ ಕೀಲಿನೂ ಕೊಟ್ಟು ಬಂದೀರಿ!

ಪರಮೇಶಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಕಾಯಿಯನ್ನು ಕೈಯಲ್ಲಿ ಹಿಡಿದು ಮುರಿದರೆ ಸಾಕು, ತೇವ ಎಷ್ಟಿದೆ ಎಂದು ಹೇಳಬಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಆ ಕೈ ಪಳಗಲೇ ಇಲ್ಲ ಎಂಬುದು ಹೆಂಡತಿ ದುರ್ಗಾಳ ಹಳೆಯ ತಕರಾರು. ಇವತ್ತು ಅದಕ್ಕೆ ಹೊಸ ಪುರಾವೆ ಸಿಕ್ಕಿತ್ತು. ಒಬ್ಬನೇ ಮಗ ಚನ್ನೇಶನಿಗೆ ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿ, ವಯಸ್ಸು ಮೂವತ್ತೊಂದು. ಬೆಳಿಗ್ಗೆ ಆದಾಯ ತೆರಿಗೆಯ ರಿಟರ್ನ್ ತುಂಬಲು ಹಾವೇರಿಗೆ ಹೋಗಿದ್ದ. ಅಲ್ಲಿ ನೋಡಿದರೆ ಅವನ ಹೆಸರಿನಲ್ಲಿ ಬೇರೆ ಯಾರೋ ಆಗಲೇ ತುಂಬಿ, ರಿಫಂಡನ್ನೂ ಎತ್ತಿಕೊಂಡಿದ್ದರು. ತಿರುಗಿ ಬಂದವನು ಚಪ್ಪಲಿ ಕಳಚುವುದನ್ನೂ ಮರೆತು ಪಡಸಾಲೆಯಲ್ಲಿ ನಿಂತಿದ್ದ.

ಚನ್ನೇಶ: ಅಪ್ಪಾ, ಬರೇ ಕಾರ್ಡಿನ ಫೋಟೋದಿಂದ ಇಷ್ಟು ಆಗೂದಿಲ್ಲ. ನನ್ನ ಆಧಾರಿಗೆ ನಿನ್ನ ಫೋನ್ ನಂಬರ್ ಜೋಡಿಸೇತಿ. ನಿನಗ ಓಟಿಪಿ ಬಂದಿತ್ತೇನು?

ಪರಮೇಶಪ್ಪ: ಬಂದಿತ್ತು.

ಚನ್ನೇಶ: ಯಾರಿಗರ ಹೇಳಿದೇನು?

ಪರಮೇಶಪ್ಪ: ಕಂಡಕಂಡವರಿಗೆ ಯಾಕ ಹೇಳಲಿ? ನಾ ಏನು ಹುಚ್ಚನ? ಬೀಗರಿಗೆ ಹೇಳಿದೆ.

ದುರ್ಗಾ: ಯಾವ ಬೀಗರು? ಮಗಂಗ ಇನ್ನೂ ಲಗ್ನ ಆಗಿಲ್ಲ!

ಪರಮೇಶಪ್ಪ: ಆಗಬೇಕಾದ ಬೀಗರು. ರಾಣೇಬೆನ್ನೂರಿನ ಹುಡುಗಿ ಸೋದರಮಾವ ಅಂತ ಫೋನ್ ಮಾಡಿದ್ದ. ‘ಗ್ರೂಪಿನಾಗ ಹುಡುಗನ್ನ ನೋಡೇವಿರಿ, ಆದಾಯ ಖಾತ್ರಿ ಮಾಡ್ಕೋತೇವಿ, ಒಂದು ನಂಬರ್ ಬರತೈತಿ, ಹೇಳ್ರಿ’ ಅಂದ. ಎಂಥಾ ಮರ್ಯಾದಸ್ಥ ಮನಿಷಾ ಅಂತಿ!

ಚನ್ನೇಶ: ‘ಯಾರಿಗೂ ಹೇಳಬ್ಯಾಡ್ರಿ’ ಅಂತ ಅದರಾಗ ಬರದಿರತೈತಿ. ಓದಲಿಲ್ಲೇನು?

ಪರಮೇಶಪ್ಪ: ಓದಿದೆ. ಬೀಗರು ಯಾರೋ ಆಗ್ತಾರೇನು? ಮೊದಲನೇ ಫೋನಿಗೇ ಇಲ್ಲ ಅಂದ್ರ ಸಂಬಂಧ ಉಳಿತೈತೇನು?

ದುರ್ಗಾ: ನನ್ನ ತವರಮನಿಯವರು ಬಂದಾಗ ಇನ್ನೊಂದು ಕಪ್ ಚಹಾಕ್ಕ ‘ಹಾಲಿಲ್ಲ’ ಅಂದವರು ನೀವು. ಮಾರಿ ನೋಡಲಾರದ ಬೀಗಗ ಮಗನ್ನ ಒಪ್ಪಿಸಿಬಿಟ್ರಿ!

ಪರಮೇಶಪ್ಪ: ಎರಡು ಸಲ ಒಪ್ಪಿಸೇನಿ. ಮೊದಲನೇ ನಂಬರಿಂದು ಹೊತ್ತು ಮೀರಿತ್ತಂತ, ಪಾಪ.

ಚನ್ನೇಶ ತಲೆ ಹಿಡಿದು ಅಲ್ಲೇ ಕುಳಿತ.

ಚನ್ನೇಶ: ನಿನ್ನ ಆ ಪಾಪದವ ಪಾಸ್‌ವರ್ಡ್ ಬದಲಿಸ್ಯಾನ. ನನ್ನ ಹೆಸರಿಂದ ಎಲ್ಲೋ ಬ್ಯಾಂಕ್ ಖಾತೆ ತಗದಾನ. ಹದಿನೆಂಟು ಲಕ್ಷ ಆದಾಯ ತೋರಿಸಿ, ತೆರಿಗಿ ಹೆಚ್ಚಿಗಿ ಕಟ್ಟೇನಿ ಅಂತ ಸುಳ್ಳು ಲೆಕ್ಕ ಬರದು, ರಿಫಂಡ್ ನುಂಗ್ಯಾನ. ನಾಳೆ ಇಲಾಖೆಯವರು ನನ್ನ ಕೊಳ್ಳಪಟ್ಟಿ ಹಿಡೀತಾರ. ಮ್ಯಾಲೆ ದಂಡ ಬ್ಯಾರೆ.

ಪರಮೇಶಪ್ಪನ ಕಿವಿಗೆ ಕೊಳ್ಳಪಟ್ಟಿಯೂ ಬೀಳಲಿಲ್ಲ, ದಂಡವೂ ಬೀಳಲಿಲ್ಲ. ನಡುವಿನ ಒಂದು ಮಾತು ಮಾತ್ರ ಬಿತ್ತು.

ಪರಮೇಶಪ್ಪ: ಎಷ್ಟು ಲಕ್ಷ ಅಂದಿ?

ಚನ್ನೇಶ: ಹದಿನೆಂಟು.

ಪರಮೇಶಪ್ಪ: ಸರ್ಕಾರದ ಕಂಪ್ಯೂಟರಿನಾಗ? ನಿನ್ನ ಹೆಸರಿನ ಮುಂದ?

ಚನ್ನೇಶ: ಹೂಂ. ಖರೇ ಅಂದ್ರ ನಾಲ್ಕೂವರಿ. ಈಗ ಸೈಬರ್ ಪೊಲೀಸರ 1930ಕ್ಕ ಫೋನ್ ಹಚ್ಚತೇನಿ, ಠಾಣೆಗೆ ಹೋಗಿ ದೂರು ಕೊಡ್ತೇನಿ, ತೆರಿಗಿ ಇಲಾಖೆಗೂ ತಿಳಸ್ತೇನಿ.

ಪರಮೇಶಪ್ಪ: ತಡಿಯೋ ತಮ್ಮಾ. ಐತವಾರ ಗುತ್ತಲದ ಹೊಳಿಯಪ್ಪನವರು ನಿನ್ನ ನೋಡಾಕ ಬರಾಕತ್ತಾರ. ಅಕ್ಕಿಕಾಳು ಬೀಳೂತನಕ ಕಳ್ಳನ್ನ ಹಿಡಿಸಬ್ಯಾಡ.

ಚನ್ನೇಶ: ಅಲ್ಲಿತನಕ ಅಂವ ನನ್ನ ಹೆಸರಿಂದ ಸಾಲ ಎತ್ತಿದ್ರ?

ಪರಮೇಶಪ್ಪ: ಹದಿನೆಂಟು ಲಕ್ಷದ ಮನಿಷಾ ಅಂದ ಮ್ಯಾಲೆ ಸಾಲ ಇರಬಾರದೇನು? ಇಷ್ಟು ವರ್ಷ ಹೆಣ್ಣು ನೋಡಿದ್ವಿ. ನಮ್ಮ ಮನಿಗೆ ಬಂದು ಉಪ್ಪಿಟ್ಟು ತಿಂದು ‘ತಿಳಸ್ತೇವಿ’ ಅಂತ ಎದ್ದು ಹೋದವರು ಇವತ್ತಿಗೂ ತಿಳಿಸಿಲ್ಲ. ನಾ ಜೀವಮಾನದಾಗ ಮಾಡಲಾರದ್ದನ್ನ ಆ ಕಳ್ಳ ಕುಂತಲ್ಲೇ ಮಾಡ್ಯಾನ!

ದುರ್ಗಾ ಬೈಯಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಸೊಸೆ ಬರಬೇಕೆಂಬ ಆಸೆ ಅವಳಿಗೆ ಗಂಡನಿಗಿಂತ ಕಾಸಿನಷ್ಟೂ ಕಡಿಮೆ ಇರಲಿಲ್ಲ. ಒಂದು ಗಳಿಗೆ, ಹದಿನೆಂಟು ಲಕ್ಷದ ಮಗ ಅವಳ ಕಣ್ಣಿಗೂ ಬಲು ಚೆಂದ ಕಂಡ. ಆದರೆ ಆ ಮಗನ ಮುಖ ಸುಣ್ಣದಂತೆ ಬಿಳುಚಿತ್ತು.

ಅಷ್ಟರಲ್ಲಿ ಫೋನ್ ಬಂತು. ಗುತ್ತಲದ ಹೊಳಿಯಪ್ಪನದು. ಪರಮೇಶಪ್ಪ ಹೆಗಲ ಮೇಲಿನ ಟವಲ್ ಸರಿಮಾಡಿಕೊಂಡು ಸ್ಪೀಕರ್ ಒತ್ತಿದ.

ಹೊಳಿಯಪ್ಪ: ಐತವಾರ ಬರೂಕಿಂತ ಮೊದಲ ಒಂದು ಮಾತ್ರಿ. ಹುಡುಗನ ವರ್ಷದ ಆದಾಯ ಅಂದಾಜು ಎಷ್ಟ್ರಿ?

ಪರಮೇಶಪ್ಪ: ನಮ್ಮ ಬಾಯಿಲೆ ನಾವು ಹೇಳಬಾರದ್ರಿ. ಸರ್ಕಾರನ ಹೇಳತೈತಿ, ಹದಿನೆಂ—

ದುರ್ಗಾ ಫೋನ್ ಕಸಿದುಕೊಂಡಳು.

ದುರ್ಗಾ: ನಾಲ್ಕೂವರಿ ಲಕ್ಷ ರೀ ಅಣ್ಣಾರ. ಹದಿನೆಂಟು ಅಂತ ಬರದಾವ ಕಳ್ಳ. ಇವರು ಯಾರಿಗೋ ಓಟಿಪಿ ಕೊಟ್ಟು ಮಗನ ಹೆಸರು ಕಳ್ಳರ ಪಾಲು ಮಾಡ್ಯಾರ. ಹುಡುಗ ಈಗ ದೂರು ಕೊಡಾಕ ಹೊಂಟಾನ. ಇದನ್ನ ಕೇಳಿನೂ ಬರೂದಿದ್ರ ಬರ್ರಿ. ಇಲ್ಲಾಂದ್ರ ಇಲ್ಲ ಅನ್ರಿ. ‘ತಿಳಸ್ತೇವಿ’ ಅಂತ ಮಾತ್ರ ಅನಬ್ಯಾಡ್ರಿ.

ಚನ್ನೇಶ ಉಗುರು ಕಚ್ಚಿದ. ಪರಮೇಶಪ್ಪ, ಬಂದ ಗಿರಾಕಿ ಚೀಲ ಒದ್ದು ಹೋದನೆಂಬಂತೆ ಹಣೆ ಬಡಿದುಕೊಂಡ.

ಹೊಳಿಯಪ್ಪ: ಹದಿನೆಂಟು ಅಂದಿದ್ರ ನಾವು ಬರ್ತಿದ್ದಿಲ್ರಿ ಅಕ್ಕಾರ. ಅಷ್ಟು ದುಡಿಯೂ ಹುಡುಗ ಮೂವತ್ತೊಂದರತನಕ ಹಂಗ ಉಳದಾನಂದ್ರ ಏನೋ ಐಬು ಐತಿ ಅಂತಿದ್ವಿ. ನಾಲ್ಕೂವರಿಗೆ ಉಳಿಯೂದು ಬರಾಬರಿ ಐತಿ.

ಪರಮೇಶಪ್ಪ: (ಹಿಂದಿನಿಂದ ಕೂಗುತ್ತಾ) ಐಬು ಗಿಬು ಏನೂ ಇಲ್ರೀ ನಮ್ಮ ಹುಡುಗನ್ಯಾಗ!

ಹೊಳಿಯಪ್ಪ: ಗೊತ್ತಾತ್ರಿ. ಐತವಾರ ಬರ್ತೇವಿ. ಐಬು ಹುಡುಗಂದಲ್ಲ, ಮಾವಂದು. ಅದು ಎಲ್ಲಾರ ಮನ್ಯಾಗೂ ಇರತೈತಿ, ಬಿಡ್ರಿ.